‘ಏನರ ಬೇಕಾದ್ರ ಹೇಳ್ರಿ’ ಅಂದರೆ ಸಾಲದು: ಮನೆಯ ಹಿರಿಯರ ಆರೈಕೆ ಹಂಚಿಕೊಳ್ಳುವುದು ಹೇಗೆ?

ಬಾಗಲಕೋಟೆ, ವಿಜಯಪುರ ಕಡೆ ಈಗ ಎಷ್ಟೋ ಮನೆಗಳಲ್ಲಿ ಇದೇ ಪರಿಸ್ಥಿತಿ. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ಪುಣೆಯಲ್ಲಿ, ಮಗಳು ಗಂಡನ ಮನೆಯಲ್ಲಿ. ಹಾಸಿಗೆ ಹಿಡಿದ ಅವ್ವನ ಪೂರ್ತಿ ಜವಾಬ್ದಾರಿ ಊರಲ್ಲಿ ಉಳಿದ ಮಗ-ಸೊಸೆಯದು, ಅದರಲ್ಲೂ ಸೊಸೆಯದು. ಉಳಿದವರಿಗೆ ಕಾಳಜಿ ಇಲ್ಲ ಅಂತಲ್ಲ. ಫೋನ್ ಮಾಡಿದಾಗಲೆಲ್ಲ "ಏನರ ಬೇಕಾದ್ರ ಹೇಳ್ರಿ ವೈನಿ" ಅಂತ ಅತ್ತಿಗೆಗೆ ಮನಸಾರೆ ಹೇಳುತ್ತಾರೆ. ಆದರೆ ಏನು ಬೇಕು ಅಂತ ನೆನಪಿಡುವುದು, ಯಾವಾಗ ಬೇಕು ಅಂತ ಲೆಕ್ಕ ಹಾಕುವುದು, ಯಾರಿಗೆ ಹೇಳಿದರೆ ಆಗುತ್ತದೆ ಅಂತ ಯೋಚಿಸುವುದು, ಕೊನೆಗೆ ಸಂಕೋಚ ಬಿಟ್ಟು ಕೇಳುವುದು, ಇಷ್ಟೂ ವೈನಿಯ ತಲೆಯಲ್ಲೇ ಉಳಿಯಿತಲ್ವಾ? ಆರೈಕೆ ಮಾಡುವವರನ್ನು ಜಾಸ್ತಿ ಸುಸ್ತು ಮಾಡುವುದು ಇದೇ. ಹಾಗಾಗಿ ಹಂಚುವಾಗ ಸಹಾಯ ಕೇಳಬೇಡಿ, ಇಡೀ ಕೆಲಸವನ್ನೇ ಒಪ್ಪಿಸಿ. ನೆನಪಿಡುವುದೂ ಅವರದೇ ಆಗಬೇಕು.

ಗುಳಿಗೆಯ ವಿಷಯವನ್ನೇ ನೋಡಿ. ಇದನ್ನು ಬೆಂಗಳೂರಿನ ಮಗ ಕೂತಲ್ಲೇ ನಿಭಾಯಿಸಬಹುದು. ಡಾಕ್ಟರ್ ಚೀಟಿಯ ಫೋಟೋ ಅವನ ಹತ್ತಿರ ಇರಲಿ, ಯಾವ ಗುಳಿಗೆ ಯಾವತ್ತು ಮುಗಿಯುತ್ತದೆ ಅಂತ ಅವನೇ ಬರೆದಿಟ್ಟುಕೊಳ್ಳಲಿ, ಮುಗಿಯುವ ನಾಲ್ಕು ದಿನ ಮೊದಲೇ ಊರಿನ ಔಷಧಿ ಅಂಗಡಿಗೆ ಫೋನ್ ಮಾಡಿ ದುಡ್ಡು ಕಳಿಸಿ ಮನೆಗೆ ತಲುಪುವ ವ್ಯವಸ್ಥೆ ಮಾಡಲಿ. ಮನೆಯಲ್ಲಿರುವವರು ಡಬ್ಬಿಯಿಂದ ತೆಗೆದು ಕೊಟ್ಟರೆ ಸಾಕು. ಡಾಕ್ಟರ್ ಗುಳಿಗೆ ಬದಲಿಸಿದರೆ ಹೊಸ ಚೀಟಿ ಅವತ್ತೇ ಅವನಿಗೆ ಹೋಗಬೇಕು, ನಿಲ್ಲಿಸಿದ ಗುಳಿಗೆ ಅವತ್ತೇ ಡಬ್ಬಿಯಿಂದ ಹೊರಗೆ ಬರಬೇಕು. ಬಿಪಿಯ ಹಳೆ ಗುಳಿಗೆ, ಹೊಸ ಗುಳಿಗೆ ಎರಡನ್ನೂ ನುಂಗಿ ತಲೆ ತಿರುಗಿ ಬಿದ್ದರೆ ಆ ವಯಸ್ಸಿನಲ್ಲಿ ಸೊಂಟದ ಮೂಳೆಗೇ ಪೆಟ್ಟಾಗಬಹುದು.

ಪಿಂಚಣಿ ಕೆಲಸವೂ ದೂರದವರಿಗೆ ಸರಿ. ಸರ್ಕಾರಿ ನೌಕರಿಯ ಪಿಂಚಣಿ ಬರುತ್ತಿದ್ದರೆ ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕಾಗಿ ನಡೆಯಲಾಗದ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗಲೇಬೇಕು ಅಂತಿಲ್ಲ. ಕೇಂದ್ರ ಸರ್ಕಾರದ ‘ಜೀವನ್ ಪ್ರಮಾಣ್’ ಆನ್‌ಲೈನ್ ವ್ಯವಸ್ಥೆಯ ಮೂಲಕ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ಅಂಚೆಯಣ್ಣನನ್ನು ಮನೆಗೆ ಕರೆಸಿಯೂ ಮಾಡಿಸಬಹುದು. ಆ ತಿಂಗಳು ಊರಿಗೆ ಬಂದ ಮಗ ಈ ಕೆಲಸ ಮುಗಿಸಿಯೇ ವಾಪಸ್ ರೈಲು ಹತ್ತಲಿ.

ಇದನ್ನೆಲ್ಲ ಮಾತಾಡಲು ನಮ್ಮ ಕಡೆ ನಾಗರ ಪಂಚಮಿಗಿಂತ ಒಳ್ಳೆಯ ಸಮಯ ಇಲ್ಲ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಅಣ್ಣ-ತಮ್ಮಂದಿರೂ ಸಿಗುತ್ತಾರೆ. ಕೂತಾಗ ಮೊದಲು ಮಾತಾಡಬೇಕಾದವರು ದಿನಾ ನೋಡಿಕೊಳ್ಳುತ್ತಿರುವವರು. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತೇನೆ ಅಂತ ಅವರು ಹೇಳುತ್ತಾ ಹೋಗಲಿ, ಒಬ್ಬರು ಬರೆದುಕೊಳ್ಳಲಿ, ನಡುವೆ ಯಾರೂ "ಅದೇನು ದೊಡ್ಡ ಕೆಲಸ" ಅನ್ನಬಾರದು. ಅವ್ವನೂ ಅಲ್ಲೇ ಇರಲಿ. ಸ್ನಾನ ಯಾರು ಮಾಡಿಸಿದರೆ ಆರಾಮ, ಯಾವ ದವಾಖಾನೆ ಬೇಡ, ಮಧ್ಯಾಹ್ನ ಏನು ತಿನ್ನುವ ಆಸೆ ಅಂತ ಅವರನ್ನೇ ಕೇಳಿ. ಅವರನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿ ಅವರ ಬಗ್ಗೆಯೇ ತೀರ್ಮಾನ ಮಾಡುವುದು ಬಹಳ ನೋಯಿಸುತ್ತದೆ.

ಗಂಡಸರಿಗೆ ಒಂದು ಮಾತು. ಅಪ್ಪನ ಸ್ನಾನ, ಸಂಡಾಸದ ಕೆಲಸ ಗಂಡುಮಕ್ಕಳೇ ಮಾಡಬೇಕು. ಸೊಸೆಯ ಮುಂದೆ ಧೋತರ ಬಿಚ್ಚಿಸಿಕೊಳ್ಳುವ ಮಾವನ ಸಂಕಟ ಅವರು ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕಡಿಮೆ ಕುಡಿಯುತ್ತಾರೆ, ಪದೇ ಪದೇ ಕರೆಯಬೇಕಾಗುತ್ತಲ್ಲ ಅಂತ ತಡೆದುಕೊಳ್ಳುತ್ತಾರೆ. ಹೊಲಕ್ಕೋ ಆಫೀಸಿಗೋ ಹೋಗುವ ಮೊದಲು ಮಗ ಅರ್ಧ ಗಂಟೆ ಕೊಟ್ಟರೆ ಇಬ್ಬರಿಗೂ ನೆಮ್ಮದಿ.

ರಾತ್ರಿ ಪಾಳಿಯನ್ನು ಮರೆಯಲೇಬೇಡಿ. ಪೂರ್ತಿ ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿ ಕೆಂಪಾಗಿ ಹಾಸಿಗೆ ಹುಣ್ಣು ಶುರುವಾಗುತ್ತದೆ. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಹೀಗೆ ಒಬ್ಬರೇ ದಿನಾ ಎದ್ದರೆ ಅವರ ಆರೋಗ್ಯವೂ ಕೆಡುತ್ತದೆ. ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರು ಪಕ್ಕದಲ್ಲಿ ಮಲಗಲಿ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ದೂರದ ಮಕ್ಕಳು ದುಡ್ಡು ಹಾಕಿ ರಾತ್ರಿಗೆ ಮಾತ್ರ ಒಬ್ಬರನ್ನು ನೇಮಿಸಲಿ. ದುಡ್ಡಿನ ವಿಷಯದಲ್ಲೂ ಅಷ್ಟೆ, ತಿಂಗಳ ಮೊದಲ ವಾರ ಇಷ್ಟು ಅಂತ ಕೇಳದೆಯೇ ಬರಬೇಕು. ಡೈಪರ್‌ಗೆ ದುಡ್ಡು ಕಳಿಸಿ ಅಂತ ಮೈದುನನಿಗೆ ಪ್ರತಿ ಸಲ ಫೋನ್ ಮಾಡುವ ಪರಿಸ್ಥಿತಿ ಯಾವ ವೈನಿಗೂ ಬೇಡ.

ಇನ್ನು ಮಾತಾಡಿಸಲು ಬರುವವರು. ಅಜ್ಜಿಗೆ ಹುಷಾರಿಲ್ಲ ಅಂದರೆ ಓಣಿಯವರು, ಬೀಗರು, ಹಳೆಯ ಪರಿಚಯದವರು ಬಾಳೆಹಣ್ಣು, ಬಿಸ್ಕತ್ತು ಹಿಡಿದುಕೊಂಡು ಬಂದೇ ಬರುತ್ತಾರೆ. ಇದು ನಮ್ಮ ಕಡೆಯ ದೊಡ್ಡ ಆಸ್ತಿ, ಅದನ್ನು ನಾವು ಚಹಾ ಮಾಡುವುದರಲ್ಲೇ ಕಳೆಯುತ್ತೇವೆ. "ಕಾಕೂ, ನೀವು ಒಂದು ತಾಸು ಅತ್ತಿ ಹತ್ರ ಕೂಡ್ತೀರೇನ್ರಿ? ನಾ ಸಂತಿಗೆ ಹೋಗಿ ಬರ್ತೀನಿ" ಅಂತ ಕೇಳಿ ನೋಡಿ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಸಂತೆಗೇ ಹೋಗಬೇಕು ಅಂತೇನಿಲ್ಲ, ಮೇಲೆ ಹೋಗಿ ಸುಮ್ನೆ ಮಲಗಿದರೂ ಆಯಿತು.

ಮೊಮ್ಮಕ್ಕಳಿಗೆ ನೀರಿನ ಜವಾಬ್ದಾರಿ ಕೊಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಶಾಲೆಗೆ ರಜೆ ಇರುವ ಮಗು ಆಗಾಗ ಮಜ್ಜಿಗೆ, ಅಂಬಲಿ ಕೊಡುತ್ತಿದ್ದರೆ ಅಜ್ಜನಿಗೂ ಮಾತಿಗೆ ಜೊತೆ. ಹೃದಯ, ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿ. ಹಿರಿಯರ ಕೈಗೂ ಒಂದು ಕೆಲಸ ಇರಲಿ, ಬೆಳ್ಳುಳ್ಳಿ ಸುಲಿಯುವುದೋ ಬತ್ತಿ ಹೊಸೆಯುವುದೋ.

ಎಲ್ಲರಿಗೂ ಗೊತ್ತಿರಬೇಕಾದ ಒಂದು ವಿಷಯ. ನಿನ್ನೆವರೆಗೂ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಬಡಬಡಿಸಿದರೆ ಅರಳು ಮರಳು ಅಂತ ಬಿಟ್ಟುಬಿಡಬೇಡಿ. ಮೂತ್ರದ ಸೋಂಕು, ಸೋಡಿಯಂ ಕಡಿಮೆಯಾಗಿರುವುದು, ಸಕ್ಕರೆ ಇಳಿದಿರುವುದು ಹೀಗೇ ಕಾಣಿಸಬಹುದು. ಬಾಯಿ ಸೊಟ್ಟಗಾದರೆ ಅಥವಾ ಒಂದು ಕೈ ಎತ್ತಲು ಬಾರದಿದ್ದರೆ ಅದು ಲಕ್ವಾ ಇರಬಹುದು, ಕಾಯದೆ 108ಕ್ಕೆ ಫೋನ್ ಮಾಡಿ.

ನೋಡಿಕೊಳ್ಳುವವರಿಗೆ ಸಣ್ಣದಕ್ಕೂ ಸಿಟ್ಟು ಬರುತ್ತಿದ್ದರೆ, ನಿದ್ದೆ ಹತ್ತದಿದ್ದರೆ, ಯಾಕೋ ಅಳು ಬರುತ್ತಿದ್ದರೆ ಅದು ಕೆಟ್ಟತನ ಅಲ್ಲ, ದಣಿವು. 14416 ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವರ್ಷದಲ್ಲಿ ಒಂದೆರಡು ವಾರ ಪೂರ್ತಿ ಬಿಡುವೂ ಬೇಕು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಮನೆಯವರು ಹೊಲದಲ್ಲೇ ಇರಬೇಕಾಗುತ್ತದೆ, ಆಗ ಮಗಳು ಬಂದು ಇರುವಂತೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ.

ಒಪ್ಪಿಕೊಂಡವರು ಮಾಡದೇ ಹೋದರೆ? ಒಮ್ಮೆ ಕೇಳಿ, ಆ ಕೆಲಸ ಅವರಿಗೆ ಒಗ್ಗದಿದ್ದರೆ ಬೇರೆ ಕೊಡಿ, ಅದೂ ಆಗದಿದ್ದರೆ ಅದಕ್ಕೆ ಜನ ಇಡುವ ಖರ್ಚು ಅವರದು. ಅದಕ್ಕೂ ಬರದವರನ್ನು ಲೆಕ್ಕದಿಂದ ಬಿಟ್ಟು ಇರುವವರಲ್ಲೇ ಹಂಚಿಕೊಳ್ಳಿ, ಅವರ ದಾರಿ ಕಾಯುತ್ತಾ ಕೂತರೆ ಅದೇ ಇನ್ನೊಂದು ಚಿಂತೆ. ಹಿರಿಯರಿಗೆ ಸಿಗಬೇಕಾದ ಸೌಲಭ್ಯ, ಕಾನೂನಿನ ವಿಷಯ ಕೇಳಲು 14567 ಸಹಾಯವಾಣಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ.