ಒಂದೇ ಸೆಕೆಂಡಿನಲ್ಲಿ 95 ಡಿಗ್ರಿ

ನಾಲ್ಕು ದಿನ ಪ್ರಯಾಣ ಮುಗಿಸಿ ಬಂದು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಗೇಮ್ ಹಾಕಿದೆ. ಐದೇ ನಿಮಿಷಕ್ಕೆ ಆಟ ಕುಂಟತೊಡಗಿತು. ಒಳಗಿನ ಬಿಸಿ ಎಷ್ಟು ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮ್ ತೆರೆದು ನೋಡಿದರೆ ಪ್ರೊಸೆಸರ್ 97 ಡಿಗ್ರಿ! ಹೋಗುವ ಮುಂಚೆ ಇದೇ ಗೇಮ್‌ನಲ್ಲಿ 82 ದಾಟುತ್ತಿರಲಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗೋದು ಹೊಸದೇನಲ್ಲ. 85, 90 ಬಂದರೂ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಮಿತಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡು ಬಚಾವಾಗುತ್ತದೆ. ಆಟ ಕುಂಟಿದ್ದೂ ಅದಕ್ಕೇ. ಆದರೆ ನಾಲ್ಕು ದಿನದಲ್ಲಿ 15 ಡಿಗ್ರಿ ಏರಿದೆ ಅಂದರೆ ಏನೋ ಕೆಟ್ಟಿದೆ ಅಂತಲೇ ಅರ್ಥ, ಅಲ್ವಾ?

ಮೊದಲು ಟಾಸ್ಕ್ ಮ್ಯಾನೇಜರ್ ನೋಡಿದೆ. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಕದ್ದು ಓಡುತ್ತಿರಲಿಲ್ಲ. ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99 ಪರ್ಸೆಂಟಿಗೆ ಇಳಿಸಿದೆ. ಒಂದು ಪರ್ಸೆಂಟ್ ಇಳಿಸಿದರೆ ಏನಾದೀತು ಅನ್ನಬೇಡಿ, ಟರ್ಬೊ ಬೂಸ್ಟ್, ಅಂದರೆ ಲೋಡ್ ಬಿದ್ದಾಗ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳೋದು, ನಿಂತೇ ಹೋಗುತ್ತದೆ. ಬಿಸಿ 74ಕ್ಕೆ ಬಂತು. ಅರ್ಜೆಂಟ್ ಕೆಲಸ ಇದ್ದರೆ ಪರವಾಗಿಲ್ಲ, ಆದರೆ ಇದು ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ.

ಸರಿ, ಧೂಳಿರಬೇಕು ಅಂತ ಹಿಂದಿನ ಮುಚ್ಚಳ ಬಿಚ್ಚಿದೆ. ಬ್ಯಾಟರಿ ಕನೆಕ್ಟರ್ ತೆಗೆದ ಮೇಲೇ ಮುಂದಿನ ಕೆಲಸ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ತೆಳು ಕಂಬಳಿಯಂಥ ಪದರ. ಚಿಮಟದಲ್ಲಿ ಎಳೆದರೆ ಒಂದೇ ತುಂಡಾಗಿ ಬಂತು, ಬಹಳ ಖುಷಿಯಾಯಿತು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದಿದ್ದೆ, ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಎಲ್ಲ ಜೋಡಿಸಿ ಗೇಮ್ ಹಾಕಿದರೆ 95. ಅರ್ಧ ದಿನದ ಕೆಲಸಕ್ಕೆ ಎರಡು ಡಿಗ್ರಿ!

ಆಮೇಲೆ ಬೇಜಾರಿನಲ್ಲಿ ಸುಮ್ನೆ ಗ್ರಾಫ್ ನೋಡುತ್ತಾ ಕೂತೆ. ಆಗ ಕಣ್ಣಿಗೆ ಬಿತ್ತು. ಲೋಡ್ ಬಿದ್ದ ತಕ್ಷಣ, ಒಂದೇ ಸೆಕೆಂಡಿನಲ್ಲಿ, 48ರಿಂದ 95ಕ್ಕೆ ಹಾರುತ್ತಿತ್ತು. ನಿಲ್ಲಿಸಿದರೆ ಅಷ್ಟೇ ಬೇಗ ಕೆಳಗೆ. ಧೂಳಿನ ತೊಂದರೆಯಾದರೆ ಹೀಗಾಗುವುದಿಲ್ಲ. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಎಳೆದುಕೊಳ್ಳುವ ಲೋಹದ ಭಾಗ, ಅಂದರೆ ಹೀಟ್‌ಸಿಂಕ್, ಮೊದಲು ಬಿಸಿ ಹೀರಿಕೊಳ್ಳುತ್ತದೆ, ಅದನ್ನು ಹೊರಹಾಕಲಾಗದೆ ನಿಮಿಷಗಟ್ಟಲೆ ನಿಧಾನಕ್ಕೆ ಏರುತ್ತದೆ. ಇಲ್ಲಿ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ತಲುಪುತ್ತಲೇ ಇಲ್ಲ. ಹಿಂದಿನ ಕಿಂಡಿಗೆ ಕೈ ಹಿಡಿದರೆ ಗಾಳಿ ಬರೀ ಉಗುರುಬೆಚ್ಚಗಿತ್ತು. ಪ್ರೊಸೆಸರ್ ಒಳಗೆ ಕೆಲಸ ಹಂಚಿಕೊಳ್ಳುವ ಕೋರ್‌ಗಳನ್ನು ಒಂದೊಂದಾಗಿ ನೋಡಿದೆ. ಎರಡು 95ರಲ್ಲಿ, ಉಳಿದವು 78ರ ಆಸುಪಾಸಿನಲ್ಲಿ. ಹೀಟ್‌ಸಿಂಕ್ ಒಂದು ಕಡೆ ಎದ್ದಿದೆ ಅನ್ನೋದು ಅಲ್ಲಿಗೆ ಖಾತ್ರಿಯಾಯಿತು.

ಮತ್ತೆ ಬಿಚ್ಚಿದೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚು ಹಾಕಿರುತ್ತಾರೆ, ಬಿಚ್ಚುವಾಗ ಉಲ್ಟಾ ಹೋಗಬೇಕು. ನಾಲ್ಕನೆಯದು ಗಟ್ಟಿಯಾಗಿತ್ತು. ಮೂರನೆಯದಕ್ಕೆ ಸ್ಕ್ರೂಡ್ರೈವರ್ ಇಟ್ಟರೆ ಬಲವೇ ಬೇಡ, ಎರಡು ಬೆರಳಲ್ಲಿ ತಿರುಗಿತು. ಹೀಟ್‌ಸಿಂಕಿನ ಪ್ಲೇಟ್ ಎತ್ತಿದರೆ, ಪ್ರೊಸೆಸರಿನ ಬಿಸಿ ಅದಕ್ಕೆ ದಾಟಲಿ ಅಂತ ನಡುವೆ ಹಚ್ಚುವ ಪೇಸ್ಟ್ ಒಂದು ಬದಿ ತೆಳ್ಳಗೆ ಒತ್ತಿಕೊಂಡು ತಾಮ್ರ ಹೊಳೆಯುತ್ತಿತ್ತು, ಮೂರನೇ ಸ್ಕ್ರೂ ಕಡೆ ದಪ್ಪಗೆ, ಒಣಗಿದ ಮಣ್ಣಿನ ಹಾಗೆ ಬಿರುಕು ಬಿಟ್ಟಿತ್ತು.

ಯಾರನ್ನು ಬೈಯೋದು? ಎಂಟು ತಿಂಗಳ ಹಿಂದೆ ಪೇಸ್ಟ್ ಹಚ್ಚಿದವನು ನಾನೇ. ಆಗ ಒಂದು ಬದಿಯ ಸ್ಕ್ರೂ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋಗಿದ್ದೆ. ಮಿಕ್ಕಿದ್ದನ್ನು ಬ್ಯಾಗಿನ ಕುಲುಕಾಟ ಮಾಡಿರಬೇಕು.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡೂ ಕಡೆ ಒರೆಸಿ, ಹೊಸ ಪೇಸ್ಟ್ ಹಚ್ಚಿದೆ. ಲ್ಯಾಪ್‌ಟಾಪ್ ಪ್ರೊಸೆಸರ್ ಮೇಲೆ ಡೆಸ್ಕ್‌ಟಾಪಿನ ಹಾಗೆ ಲೋಹದ ಮುಚ್ಚಳ ಇರುವುದಿಲ್ಲ, ಅದಕ್ಕೇ ಒಂದು ಹನಿ ಇಟ್ಟು ಬಿಡದೆ ಮೂಲೆಮೂಲೆಗೂ ತೆಳ್ಳಗೆ ಸವರಿದೆ. ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವರೂಪದ ಲೋಹ) ಹಚ್ಚುವ ಆಸೆ ಇತ್ತು, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಒಂದು ಹನಿ ಜಾರಿದರೆ ಬೋರ್ಡೇ ಹೋಗಬಹುದು. ನನ್ನ ಕೈಚಳಕ ಆಗಲೇ ನೋಡಿದ್ದೀರಲ್ಲ. ಸ್ಕ್ರೂಗಳನ್ನು ಈ ಸಲ ಅಡ್ಡಡ್ಡವಾಗಿ, ಅರ್ಧರ್ಧ ಸುತ್ತು ಬಿಗಿ ಮಾಡಿದೆ.

ಈಗ ಅದೇ ಗೇಮ್‌ನಲ್ಲಿ 79. ಕೋರ್‌ಗಳ ನಡುವೆ ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಮೂರನೇ ಸ್ಕ್ರೂ ತಲೆಯಿಂದ ಪ್ಲೇಟಿನವರೆಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಮುಂದಿನ ಸಲ ಮುಚ್ಚಳ ತೆಗೆದಾಗ ಗೆರೆ ಮುರಿದಿದ್ದರೆ, ಅದು ಮತ್ತೆ ತಿರುಗಿದೆ ಅಂತ ಲೆಕ್ಕ.