ಲಂಡನ್‌ನಲ್ಲಿ ಬಾಡಿಗೆ ಮನೆ ಹುಡುಕುವ ಹೊಸಬರಿಗೆ

ಬೆಂಗಳೂರಿನಲ್ಲಿ ಮನೆ ನೋಡಲು ಹೋದರೆ ನಾವು ಮೊದಲು ಕೇಳುವುದು ನೀರಿನ ವಿಷಯ. ಕಾವೇರಿ ಬರುತ್ತಾ, ಬೋರ್‌ವೆಲ್ಲಾ, ಟ್ಯಾಂಕರ್ ತರಿಸಬೇಕಾ? ಲಂಡನ್‌ನಲ್ಲಿ ಆ ಚಿಂತೆ ಇಲ್ಲ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಜನವರಿಯಲ್ಲಿ ಈ ಮನೆ ಬೆಚ್ಚಗಿರುತ್ತಾ, ಗೋಡೆ ಒಣಗಿರುತ್ತಾ? ನಮ್ಮವರು ಬಹಳಷ್ಟು ಜನ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬಂದಿಳಿಯುತ್ತಾರೆ. ಆಗ ಸಂಜೆಯೆಲ್ಲ ಬೆಳಕು, ಯಾವ ಮನೆ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೂ ಮುಂಚೆ ಸೂರ್ಯ ಮುಳುಗುತ್ತಾನೆ. ಮನೆಯ ನಿಜವಾದ ಗುಣ ಗೊತ್ತಾಗುವುದು ಆಗ. ಅಷ್ಟರಲ್ಲಿ ನೀವು ಸಹಿ ಹಾಕಿ, ಸಾಮಾನು ಜೋಡಿಸಿ ಆಗಿರುತ್ತದೆ.

ಊರಿನಲ್ಲಿ ಇದ್ದುಕೊಂಡೇ ಮನೆ ಗಟ್ಟಿ ಮಾಡಿಬಿಡೋಣ ಅಂತ ಹೊರಡಬೇಡಿ. ಮೊದಲ ಎರಡು ಮೂರು ವಾರಕ್ಕೆ ತಾತ್ಕಾಲಿಕವಾಗಿ ಒಂದು ಕೋಣೆ ಹಿಡಿದು, ಬಂದ ಮೇಲೆ ಕಣ್ಣಾರೆ ನೋಡಿ. ತೀರಾ ಆಗದಿದ್ದರೆ ಇಲ್ಲಿರುವ ಪರಿಚಯದವರೊಬ್ಬರನ್ನು ಕಳಿಸಿ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ" ಅಂತ ಓನರ್ ಹೇಳಿದರೆ ಅದು ಮೋಸ ಅಂತಲೇ ತಿಳಿಯಿರಿ. ಅಕ್ಕಪಕ್ಕದ ಮನೆಗಳಿಗಿಂತ ಬಾಡಿಗೆ ತುಂಬಾ ಕಮ್ಮಿ ಇದ್ದರೂ ಅನುಮಾನ ಇರಲಿ. ಮನೆ ಯಾರ ಹೆಸರಿನಲ್ಲಿದೆ ಅಂತ ಸರ್ಕಾರದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕೊಟ್ಟು ಯಾರು ಬೇಕಾದರೂ ನೋಡಬಹುದು. ಓನರ್ ಜೊತೆ ನೇರವಾಗಿ ವ್ಯವಹಾರ ಮಾಡುವಾಗ ಈ ಖರ್ಚು ಉಳಿಸಬೇಡಿ.

ಇನ್ನು ಲೆಕ್ಕ. ಜಾಹೀರಾತಿನಲ್ಲಿ ಬಾಡಿಗೆಯನ್ನು ಕೆಲವರು ತಿಂಗಳಿಗೆ ಹೇಳುತ್ತಾರೆ, ಕೆಲವರು ವಾರಕ್ಕೆ. ವಾರದ ಬಾಡಿಗೆಯನ್ನು ನಾಲ್ಕರಿಂದ ಗುಣಿಸಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ. ವಾರಕ್ಕೆ 450 ಪೌಂಡ್ ಅಂದರೆ ತಿಂಗಳಿಗೆ 1,800 ಅಲ್ಲ, 1,950. ಇದರ ಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಆ ಭಾಗದ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಕಟ್ಟುವ ತೆರಿಗೆ, ಬರುತ್ತದೆ. ನಮ್ಮಲ್ಲಿ ಮನೆ ಕಂದಾಯ ಓನರ್ ಕಟ್ಟುತ್ತಾರೆ, ಇಲ್ಲಿ ಸಾಮಾನ್ಯವಾಗಿ ಬಾಡಿಗೆಗೆ ಇರುವವರೇ ಕಟ್ಟಬೇಕು. ಪ್ರತಿ ಮನೆಗೂ ಎಯಿಂದ ಎಚ್‌ವರೆಗೆ ಒಂದು ಬ್ಯಾಂಡ್ ಇರುತ್ತದೆ. ಅದನ್ನು ನಿಗದಿ ಮಾಡಿರುವುದು 1991ರ ಬೆಲೆಯ ಮೇಲೆ. ಒಂದೇ ಬ್ಯಾಂಡ್ ಆದರೂ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಮೊತ್ತ ಬದಲಾಗುತ್ತದೆ. ವಾಂಡ್ಸ್‌ವರ್ತ್, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಮ್ಮಿ. ಕ್ರಾಯ್ಡನ್, ಕಿಂಗ್‌ಸ್ಟನ್‌ನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಮನೆ ನೋಡುವ ಮೊದಲೇ ಅದರ ಬ್ಯಾಂಡ್ ತಿಳಿದುಕೊಳ್ಳಿ. ಒಬ್ಬರೇ ಇದ್ದರೆ ಶೇಕಡ 25 ರಿಯಾಯಿತಿ ಇದೆ. ಮನೆಯಲ್ಲಿ ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಟ್ಯಾಕ್ಸೇ ಇಲ್ಲ. ಆದರೆ ಎರಡಕ್ಕೂ ನೀವೇ ಅರ್ಜಿ ಹಾಕಬೇಕು.

ಅಡ್ವಾನ್ಸ್ ವಿಷಯದಲ್ಲಿ ಇಲ್ಲಿನ ಕಾನೂನು ನಿಮ್ಮ ಪರ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಕಳೆದುಕೊಂಡು ಅಭ್ಯಾಸ ಆದವರಿಗೆ ಇದು ನಂಬಲು ಕಷ್ಟ ಅನ್ನಿಸಬಹುದು. 2019ರ ಟೆನೆಂಟ್ ಫೀಸ್ ಆ್ಯಕ್ಟ್ ಪ್ರಕಾರ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಮ್ಮಿ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆ ಮಾತ್ರ. ಏಜೆಂಟ್ ಫೀಸು, ಕಾಗದಪತ್ರದ ಫೀಸು, ನಿಮ್ಮ ಹಿನ್ನೆಲೆ ಪರೀಕ್ಷೆಯ ಫೀಸು ಅಂತ ನಿಮ್ಮಿಂದ ಏನೂ ವಸೂಲಿ ಮಾಡುವಂತಿಲ್ಲ. ಡೆಪಾಸಿಟ್ಟನ್ನು ಓನರ್ ತಮ್ಮ ಪಾಡಿಗೆ ತಾವೇ ಇಟ್ಟುಕೊಂಡು ಸುಮ್ಮನಿರುವಂತಿಲ್ಲ. ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಿವೆ, ಅವುಗಳಲ್ಲಿ ಒಂದರಲ್ಲಿ 30 ದಿನದೊಳಗೆ ದಾಖಲಿಸಿ ನಿಮಗೆ ವಿವರ ಕೊಡಬೇಕು. ಹಾಗೆ ಮಾಡದಿದ್ದರೆ ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಪರಿಹಾರ ಕೊಡಿಸುವ ಅಧಿಕಾರ ಕೋರ್ಟ್‌ಗೆ ಇದೆ. ಬಿಡುವಾಗ ಜಗಳ ಬಂದರೂ ಆ ಸಂಸ್ಥೆಯೇ ಎರಡೂ ಕಡೆಯ ದಾಖಲೆ ನೋಡಿ ತೀರ್ಮಾನಿಸುತ್ತದೆ.

ಹೊಸಬರಿಗೆ ನಿಜವಾದ ಕಷ್ಟ ಬರುವುದು ಏಜೆಂಟರ ಪರೀಕ್ಷೆಯಲ್ಲಿ. ನಿಮ್ಮ ವಾರ್ಷಿಕ ಸಂಬಳ ತಿಂಗಳ ಬಾಡಿಗೆಯ 30 ಪಟ್ಟಾದರೂ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. 1,950ರ ಮನೆಗೆ 58,500. ಅಷ್ಟು ಇಲ್ಲದಿದ್ದರೆ ಇಲ್ಲೇ ನೆಲೆಸಿರುವ ಒಬ್ಬರು ಜಾಮೀನು ನಿಲ್ಲಬೇಕು ಅನ್ನುತ್ತಾರೆ. ಮೊದಲೆಲ್ಲ ಇಂಥವರಿಂದ ಆರು ತಿಂಗಳ ಬಾಡಿಗೆ ಮುಂಗಡ ತೆಗೆದುಕೊಳ್ಳುತ್ತಿದ್ದರು. ರೆಂಟರ್ಸ್ ರೈಟ್ಸ್ ಆ್ಯಕ್ಟ್ 2025ರ ಪ್ರಕಾರ 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬಾಡಿಗೆ ಕೊಡುತ್ತೇವೆ ಅಂದರೂ ತೆಗೆದುಕೊಳ್ಳುವಂತಿಲ್ಲ. ಆಫರ್ ಲೆಟರ್, ವೀಸಾದ ಶೇರ್ ಕೋಡ್ (ಇಲ್ಲಿ ಬಾಡಿಗೆಗೆ ಇರಲು ನಿಮಗೆ ಹಕ್ಕಿದೆ ಅಂತ ತೋರಿಸಲು ಸರ್ಕಾರದ ಜಾಲತಾಣದಿಂದ ಪಡೆಯುವ ಕೋಡ್), ಊರಿನ ಬ್ಯಾಂಕಿನ ಮೂರು ತಿಂಗಳ ಸ್ಟೇಟ್‌ಮೆಂಟ್, ಬೆಂಗಳೂರಿನ ಓನರ್ ಅಥವಾ ಹಿಂದಿನ ಕಂಪನಿಯಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ, ಇಷ್ಟನ್ನು ಒಂದೇ ಫೈಲಿನಲ್ಲಿ ಸಿದ್ಧ ಇಟ್ಟುಕೊಳ್ಳಿ. ಒಳ್ಳೆಯ ಮನೆ ಇಲ್ಲಿ ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ.

ಈಗ ಮನೆಯೊಳಗೆ ಹೋಗೋಣ. ಏಜೆಂಟ್ ನಿಮಗೆ ಹತ್ತು ನಿಮಿಷ ಕೊಡುತ್ತಾರೆ, ಹಾಲ್ ತೋರಿಸುತ್ತಾರೆ, ಬಾಲ್ಕನಿ ತೋರಿಸುತ್ತಾರೆ. ನೀವು ನೇರವಾಗಿ ಮಲಗುವ ಕೋಣೆಗೆ ಹೋಗಿ. ಹೊರಗೋಡೆಯ ಮೂಲೆ, ಕಪಾಟಿನ ಹಿಂಭಾಗ, ಕಿಟಕಿ ಚೌಕಟ್ಟಿನ ಕೆಳಗಿನ ರಬ್ಬರ್, ಸ್ನಾನದ ಮನೆಯ ಸೀಲಿಂಗ್, ಇವನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಅದು ಬೂಷ್ಟು. ಕೋಣೆಯೆಲ್ಲ ಹಳೇ ಬಣ್ಣ, ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ ಗೊತ್ತಲ್ವಾ? ಅದೇ ವಾಸನೆ ಬಂದರೆ ಆ ಮನೆ ಬೇಡ, ಬಾಡಿಗೆ ಎಷ್ಟೇ ಕಮ್ಮಿ ಇರಲಿ. ಮಕ್ಕಳಿದ್ದರಂತೂ ಖಂಡಿತ ಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯಲ್ಲಿದ್ದ ಬೂಷ್ಟನ್ನು ಬಹಳ ದಿನ ಉಸಿರಾಡಿದ್ದೇ ಕಾರಣ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ ತಾಯಿ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ ಈಗ ಒಂದು ಕಾನೂನು ಇದೆ. 2025ರ ಅಕ್ಟೋಬರ್‌ನಿಂದ ಅದು ಸೋಶಿಯಲ್ ಹೌಸಿಂಗ್‌ಗೆ, ಅಂದರೆ ಕೌನ್ಸಿಲ್ ಮತ್ತು ವಸತಿ ಸಂಸ್ಥೆಗಳು ಕಮ್ಮಿ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ. ಹಾಗಾಗಿ "ಸುಮ್ನೆ ಕಿಟಕಿ ತೆಗೆದಿಡಿ, ಎಲ್ಲಾ ಸರಿಹೋಗುತ್ತೆ" ಅಂತ ಏಜೆಂಟ್ ಹೇಳಿದರೆ ಆ ಮಾತಿಗೆ ತಲೆ ಅಲ್ಲಾಡಿಸಿ ಬರಬೇಡಿ.

ಕಿಟಕಿ ತೆಗೆಯುವುದು ಬೇಕು ಅನ್ನುವುದು ನಿಜ. ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ. ಕುಕ್ಕರ್ ಕೂಗುತ್ತದೆ, ಇಡ್ಲಿ ಬೇಯುತ್ತದೆ, ಸಾರು ಕುದಿಯುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದಕ್ಕೆ ಎಷ್ಟೋ ಕಟ್ಟಡಗಳಲ್ಲಿ ಅನುಮತಿ ಇಲ್ಲ, ಬಟ್ಟೆಯೂ ಒಳಗೇ ಒಣಗಬೇಕು. ಈ ತೇವ ಎಲ್ಲ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಅದಕ್ಕೇ ಅಡುಗೆಮನೆಯ ಚಿಮಣಿ ಆನ್ ಮಾಡಿಸಿ ನೋಡಿ. ಗಾಳಿ ನಿಜವಾಗಿ ಹೊರಗೆ ಹೋಗುತ್ತಾ, ಅಥವಾ ಜಾಲರಿಯಲ್ಲಿ ಸೋಸಿ ಅದೇ ಕೋಣೆಗೆ ವಾಪಸ್ ಬರುತ್ತಾ ಅಂತ ಕೇಳಿ. ಇಲ್ಲಿನ ಫ್ಲ್ಯಾಟ್‌ಗಳಲ್ಲಿ ಎರಡನೆಯದೇ ತುಂಬಾ ಕಡೆ. ಹಾಲ್ ಮತ್ತು ಅಡುಗೆಮನೆ ಒಂದೇ ಆಗಿ, ಕೆಳಗೆ ಕಾರ್ಪೆಟ್ ಇದ್ದು, ಚಿಮಣಿಯೂ ಇಂಥದ್ದಾದರೆ ಒಗ್ಗರಣೆಯ ವಾಸನೆ ಅಲ್ಲೇ ಮನೆ ಮಾಡುತ್ತದೆ. ಬಿಡುವಾಗ ಕಾರ್ಪೆಟ್ ಹೆಸರಿನಲ್ಲಿ ಡೆಪಾಸಿಟ್‌ನಿಂದ ಕಡಿತ ಕೇಳುತ್ತಾರೆ. ನನ್ನ ಮಟ್ಟಿಗೆ ಬಾಗಿಲು ಹಾಕಲು ಬರುವ ಪ್ರತ್ಯೇಕ ಅಡುಗೆಮನೆ ಇರುವ ಹಳೇ ಮನೆ, ಹೊಳೆಯುವ ಓಪನ್ ಕಿಚನ್‌ಗಿಂತ ಮೇಲು. ಒಲೆ ಇಂಡಕ್ಷನ್ ಆದರೆ ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಪೆಟ್ಟಿಗೆ ಕಟ್ಟುವ ಮುಂಚೆ ಇದು ನೆನಪಿರಲಿ. ಮಿಕ್ಸಿ ಮಾತ್ರ ಧೈರ್ಯವಾಗಿ ತನ್ನಿ. ವೋಲ್ಟೇಜ್ ನಮ್ಮಲ್ಲಿಯದೇ, ಪ್ಲಗ್ ಒಂದು ಬದಲಾಯಿಸಿದರೆ ಸಾಕು.

ಬಿಸಿ ಮಾಡುವ ವ್ಯವಸ್ಥೆ ಯಾವುದು ಅನ್ನುವುದು ತಿಂಗಳ ಖರ್ಚನ್ನೇ ಬದಲಾಯಿಸುತ್ತದೆ. ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಇದ್ದು, ಆ ಬಿಸಿನೀರು ಹರಿಯುವ ರೇಡಿಯೇಟರ್ ಕೋಣೆಗಳಲ್ಲಿ ಇದ್ದರೆ ಖರ್ಚು ಹತೋಟಿಯಲ್ಲಿರುತ್ತದೆ. ಗೋಡೆಗೆ ಹಾಕಿದ ಕರೆಂಟ್ ಹೀಟರ್ ಆದರೆ ಎಚ್ಚರಿಕೆ. ಇಲ್ಲಿ ಒಂದು ಯೂನಿಟ್ ಕರೆಂಟಿನ ಬೆಲೆ ಒಂದು ಯೂನಿಟ್ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಹೊಸ ಎತ್ತರದ ಕಟ್ಟಡಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕಡೆಯಿಂದ ಬಿಸಿನೀರು ಬರುವ ವ್ಯವಸ್ಥೆ ಇರುತ್ತದೆ. ಅಲ್ಲಿ ಕಂಪನಿ ಬದಲಾಯಿಸುವ ಆಯ್ಕೆ ನಿಮಗಿಲ್ಲ, ಹಾಗಾಗಿ ಹಿಂದಿನವರ ಚಳಿಗಾಲದ ಬಿಲ್ ಎಷ್ಟು ಬಂದಿತ್ತು ಅಂತ ವಿಚಾರಿಸಿ. ಪ್ರತಿ ಮನೆಗೂ ಅದು ಎಷ್ಟು ಇಂಧನ ಉಳಿಸುತ್ತದೆ ಅಂತ ಹೇಳುವ ಇಪಿಸಿ ಅನ್ನುವ ಪ್ರಮಾಣಪತ್ರ ಇರಬೇಕು, ಎಯಿಂದ ಜಿವರೆಗೆ ದರ್ಜೆ. ಬಾಡಿಗೆಗೆ ಕೊಡಲು ಕನಿಷ್ಠ ಇ ಬೇಕು. ಪಿನ್‌ಕೋಡ್ ಥರದ ಪೋಸ್ಟ್‌ಕೋಡ್ ಹಾಕಿದರೆ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಾನಾದರೆ ಸಿಗಿಂತ ಕೆಳಗಿನದಕ್ಕೆ ಕೈಹಾಕುವ ಮುಂಚೆ ಎರಡು ಸಲ ಯೋಚಿಸುತ್ತೇನೆ. ಮನೆ ನೋಡುವಾಗ ಶವರ್ ಬಿಟ್ಟು, ಜೊತೆಗೇ ಅಡುಗೆಮನೆ ನಲ್ಲಿಯನ್ನೂ ಬಿಡಿ. ನೀರಿನ ರಭಸ ಸತ್ತುಹೋಗುತ್ತಾ, ಬಿಸಿ ಉಳಿಯುತ್ತಾ ಅಂತ ಅಲ್ಲೇ ತಿಳಿಯುತ್ತದೆ. ಏಜೆಂಟ್ ಏನಂದುಕೊಂಡಾರು ಅನ್ನುವ ಸಂಕೋಚ ಬೇಡ.

ದಿಕ್ಕಿನ ಬಗ್ಗೆ ಒಂದು ಮಾತು. ದಕ್ಷಿಣದ ಬಾಗಿಲು ಬೇಡ ಅಂತ ನಮ್ಮ ಮನೆಯವರು ಫೋನಿನಲ್ಲಿ ಹೇಳುತ್ತಾರೆ. ಬಾಗಿಲಿನ ವಿಷಯ ನಿಮ್ಮ ನಂಬಿಕೆಗೆ ಬಿಟ್ಟದ್ದು. ಆದರೆ ಕಿಟಕಿ ದಕ್ಷಿಣಕ್ಕೇ ಇರಲಿ. ಇಲ್ಲಿ ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಿನಲ್ಲೇ ಹಾದುಹೋಗುತ್ತಾನೆ. ಉತ್ತರಕ್ಕೆ ಮಾತ್ರ ಕಿಟಕಿ ಇರುವ ಮನೆಗೆ ಆ ತಿಂಗಳುಗಳಲ್ಲಿ ನೇರ ಬಿಸಿಲು ಬೀಳುವುದಿಲ್ಲ.

ಏರಿಯಾ ಯಾವುದು ಅನ್ನುವುದಕ್ಕೆ ನನ್ನ ಉತ್ತರ ಸರಳ: ಆಫೀಸಿಗೆ ಬದಲಾಯಿಸದೆ ಒಂದೇ ಟ್ರೈನಿನಲ್ಲಿ ಹೋಗುವಂತಿರಲಿ, ಮನೆಯಿಂದ ಸ್ಟೇಷನ್‌ಗೆ ನಡೆದು ಹೋಗುವಂತಿರಲಿ. ಹ್ಯಾರೋದಿಂದ ಮೆಟ್ರೊಪಾಲಿಟನ್ ಲೈನ್, ಈಸ್ಟ್ ಹ್ಯಾಮ್‌ನಿಂದ ಡಿಸ್ಟ್ರಿಕ್ಟ್ ಲೈನ್, ಇಲ್‌ಫರ್ಡ್‌ನಿಂದ 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ಇವೆ. ಹೌನ್ಸ್‌ಲೋ ಅನುಕೂಲದ ಜಾಗ, ಆದರೆ ಹೀಥ್ರೋ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ಬೆಳಗ್ಗೆ ಆರಕ್ಕೆ ಒಮ್ಮೆ ಹೋಗಿ ನಿಂತು ನೋಡಿ. ವೆಂಬ್ಲಿಯ ಈಲಿಂಗ್ ರೋಡ್, ಈಸ್ಟ್ ಹ್ಯಾಮ್, ಟೂಟಿಂಗ್ ಕಡೆ ಸೋನಾ ಮಸೂರಿ, ತೆಂಗಿನಕಾಯಿ, ನುಗ್ಗೆಕಾಯಿ ಎಲ್ಲ ಸಿಗುತ್ತವೆ. ಆದರೆ ಅಂಗಡಿಗಾಗಿ ಮನೆ ಹಿಡಿಯಬೇಡಿ, ವಾರಕ್ಕೊಮ್ಮೆ ಹೋಗಿ ತರಬಹುದು. ಮಕ್ಕಳಿದ್ದವರ ಲೆಕ್ಕ ಬೇರೆ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಸೀಟು ಸಿಗುವುದು ಮನೆ ಎಷ್ಟು ಹತ್ತಿರ ಅನ್ನುವುದರ ಮೇಲೆ. ಪ್ರೈಮರಿಗೆ ಅರ್ಜಿ ಹಾಕಲು ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31 ಕೊನೆಯ ದಿನ. ಕಳೆದ ವರ್ಷ ಎಷ್ಟು ದೂರದವರೆಗೆ ಸೀಟು ಸಿಕ್ಕಿತ್ತು ಅಂತ ಕೌನ್ಸಿಲ್ ಪ್ರಕಟಿಸುತ್ತದೆ. ಅದನ್ನು ನೋಡಿಯೇ ಬೀದಿ ಆರಿಸಿ.

ಗೆಳೆಯರು ಸೇರಿ ಮನೆ ಹಿಡಿಯುವುದಾದರೆ ಕರಾರು ಸರಿಯಾಗಿ ಓದಿ. ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದರೆ ಇಡೀ ಬಾಡಿಗೆಗೆ ಪ್ರತಿಯೊಬ್ಬರೂ ಜವಾಬ್ದಾರರು. ಒಬ್ಬ ಕೊಡದಿದ್ದರೆ ಅವನ ಪಾಲನ್ನು ಓನರ್ ಉಳಿದವರಿಂದ ಕೇಳಬಹುದು. ಮೇಲೆ ಹೇಳಿದ ರೆಂಟರ್ಸ್ ರೈಟ್ಸ್ ಆ್ಯಕ್ಟ್‌ನಲ್ಲಿ ವರ್ಷದ ಅವಧಿ ಅನ್ನುವುದು ಹೋಗಿದೆ, ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಅದು ಒಳ್ಳೆಯದೇ. ಆದರೆ ಜಂಟಿ ಕರಾರಿನಲ್ಲಿ ಒಬ್ಬರು ನೋಟಿಸ್ ಕೊಟ್ಟರೆ ಎಲ್ಲರ ಕರಾರೂ ಮುಗಿಯುತ್ತದೆ. ಕೆಲಸ ಬದಲಾಗುವ ಸಾಧ್ಯತೆ ಯಾರಿಗಿದೆ, ಮದುವೆ ಯಾರದ್ದು ಗೊತ್ತಾಗಿದೆ, ಇದನ್ನೆಲ್ಲ ಸಹಿ ಹಾಕುವ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳಿ. ಐದು ಅಥವಾ ಹೆಚ್ಚು ಜನ ಬೇರೆ ಬೇರೆ ಕುಟುಂಬದವರು ಒಂದು ಮನೆ ಹಂಚಿಕೊಂಡರೆ ಓನರ್ ಬಳಿ ಕೌನ್ಸಿಲ್ ಲೈಸೆನ್ಸ್ ಇರಲೇಬೇಕು. ಕೆಲವು ಕೌನ್ಸಿಲ್‌ಗಳಲ್ಲಿ ಮೂರು ಜನಕ್ಕೂ ಬೇಕು.

ಕೀಲಿ ಸಿಕ್ಕ ದಿನ ಪೆಟ್ಟಿಗೆ ಬಿಚ್ಚುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ. ಕಾರ್ಪೆಟ್ ಕಲೆ, ಗೋಡೆಯ ಗೀರು, ಓವನ್ ಒಳಭಾಗ, ಫ್ರಿಜ್ಜಿನ ರಬ್ಬರ್ ಎಲ್ಲವೂ ಬರಲಿ. ಏಜೆಂಟ್ ಕೊಡುವ ಇನ್ವೆಂಟರಿ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಬರೆದು ಅದೇ ವಾರ ಇಮೇಲ್ ಮಾಡಿ. ಗ್ಯಾಸ್, ಕರೆಂಟ್ ಮೀಟರಿನ ಫೋಟೋ ತೆಗೆದು ಕಂಪನಿಗೆ ರೀಡಿಂಗ್ ಕಳಿಸಿ, ಇಲ್ಲದಿದ್ದರೆ ಹಿಂದಿನವರ ಬಿಲ್ ನಿಮ್ಮ ತಲೆಗೆ ಬರುತ್ತದೆ. ಹನ್ನೆರಡು ತಿಂಗಳೊಳಗಿನ ಗ್ಯಾಸ್ ಸೇಫ್ಟಿ ಪ್ರಮಾಣಪತ್ರ, ಐದು ವರ್ಷದೊಳಗಿನ ವೈರಿಂಗ್ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಪ್ರತಿ ಮಹಡಿಯಲ್ಲೂ ಹೊಗೆ ಅಲಾರಂ ಇರಬೇಕು, ಬಟನ್ ಒತ್ತಿ ಪರೀಕ್ಷಿಸಿ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ. ಏನೇ ಕೆಟ್ಟರೂ ಫೋನ್ ಮಾಡಿ ಸುಮ್ಮನಾಗದೆ ಇಮೇಲ್‌ನಲ್ಲಿ ಬರೆಯಿರಿ. ಉತ್ತರ ಬರದಿದ್ದರೆ ಕೌನ್ಸಿಲ್‌ನಲ್ಲಿ ಖಾಸಗಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ವಿಭಾಗ ಇರುತ್ತದೆ. ಆ ಇಮೇಲ್‌ಗಳನ್ನು ಜೋಡಿಸಿ ಅವರಿಗೆ ಕಳಿಸಿ, ಬಂದು ಮನೆ ಪರಿಶೀಲಿಸಿ ಎಂದು ಕೇಳಿ. ಓನರ್‌ಗೆ ನೋಟಿಸ್ ಕೊಟ್ಟು ರಿಪೇರಿ ಮಾಡಿಸುವ ಅಧಿಕಾರ ಅವರಿಗಿದೆ.