ದೊಡ್ಡ ಕಂಪ್ಯೂಟರ್ ಈಗಲೇ ಹಾಕಿಸೋದಾ, ಇನ್ನೂ ಸ್ವಲ್ಪ ಕಾಯೋದಾ?

ವಿಡಿಯೊ ಎಡಿಟಿಂಗ್, ತ್ರೀಡಿ ಕೆಲಸ ಮಾಡುವ ಗೆಳೆಯರು ಆಗಾಗ ಕೇಳುತ್ತಾರೆ. "ಮೂರು ಲಕ್ಷ ಕೂಡಿಟ್ಟಿದ್ದೀನಿ, ಈಗಲೇ ಹೊಸ ಮೆಷಿನ್ ಹಾಕಿಸಲಾ, ಮುಂದಿನ ಗ್ರಾಫಿಕ್ಸ್ ಕಾರ್ಡ್ ಬರೋವರೆಗೂ ತಡೀಲಾ?" ನಾನು ತಿರುಗಿ ಕೇಳೋದು ಒಂದೇ ಮಾತು: ಈಗಿರುವ ಮೆಷಿನ್ ಎಲ್ಲಿ ಸಿಕ್ಕಿಕೊಳ್ತಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸ್ಲೋ ಆಗಿದೆ ಅಂತಾರೆ, ಅಷ್ಟೇ.

ಅದಕ್ಕೆ ಮೊದಲು ಒಂದು ವಾರ ಗಮನಿಸಿ. ನಿಮ್ಮ ಹತ್ತಿರ ಇರುವ ಅತಿ ಭಾರದ ಪ್ರಾಜೆಕ್ಟ್ ತೆರೆದು, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇಟ್ಟುಕೊಂಡು ಕೆಲಸ ಮಾಡಿ. ರ‍್ಯಾಮ್ ತುಂಬಿ ಡಿಸ್ಕ್ ಒಂದೇ ಸಮನೆ ಒದ್ದಾಡುತ್ತಿದ್ದರೆ ನಿಮಗೆ ಬೇಕಿರುವುದು ರ‍್ಯಾಮ್, ಇಡೀ ಮೆಷಿನ್ ಅಲ್ಲ. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರಿನ ಸೀನ್ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸದೆ ರೆಂಡರ್ (ಅಂದರೆ ಕೊನೆಯ ಚಿತ್ರ ತಯಾರಾಗುವ ಕೆಲಸ) ನಿಂತುಹೋಗುತ್ತಿದ್ದರೆ ಕಾರ್ಡ್ ಮಾತ್ರ ಬದಲಿಸಬಹುದು. ಆದರೆ ಪವರ್ ಸಪ್ಲೈ ತಡೆಯುತ್ತಾ ನೋಡಿ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5090 ಕಾರ್ಡ್ ಒಂದಕ್ಕೇ 575 ವ್ಯಾಟ್ ಬೇಕು. ಇನ್ನು ವಿಡಿಯೊದವರು ಟೈಮ್‌ಲೈನ್ ತಡವರಿಸುತ್ತೆ ಅಂತ ಗೋಳಾಡುವುದಕ್ಕೆ ಎಷ್ಟೋ ಸಲ ಕಾರಣ ಕ್ಯಾಮೆರಾದ ಫೈಲು. ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಫೈಲುಗಳನ್ನು ಎನ್‌ವಿಡಿಯಾದ 40 ಸರಣಿವರೆಗಿನ ಕಾರ್ಡುಗಳು ತಾವೇ ಡಿಕೋಡ್ ಮಾಡುವುದಿಲ್ಲ, 50 ಸರಣಿ ಮಾಡುತ್ತದೆ. ಇದೊಂದೇ ತೊಂದರೆಯಾದರೆ ಪ್ರಾಕ್ಸಿ, ಅಂದರೆ ಅದೇ ವಿಡಿಯೊದ ಹಗುರ ಪ್ರತಿ, ಮಾಡಿಕೊಂಡು ಎಡಿಟ್ ಮಾಡಿ ನೋಡಿ. ಒಂದು ಪೈಸೆ ಖರ್ಚಿಲ್ಲ, ಇನ್ನೊಂದು ವರ್ಷ ಆರಾಮಾಗಿ ನಡೆಯಬಹುದು.

ಇಷ್ಟಾದ ಮೇಲೂ ಮೆಷಿನ್ನೇ ಸಾಲದು ಅನ್ನಿಸಿತಾ? ಆಗ ಕಾಯುವುದಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿ. ದಿನಕ್ಕೆ ಒಂದೂವರೆ ಗಂಟೆ ಸುಮ್ನೆ ಪರದೆ ನೋಡ್ತಾ ಕೂರುತ್ತೀರಿ ಅನ್ನಿ. ತಿಂಗಳಿಗೆ 25 ದಿನ ಅಂದರೆ ಹೆಚ್ಚುಕಡಿಮೆ 37 ಗಂಟೆ. ನಿಮ್ಮ ಒಂದು ಗಂಟೆಗೆ 400 ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು 15,000, ಮೂರು ತಿಂಗಳಿಗೆ 45,000. ಬೆಲೆ ಅಷ್ಟು ಇಳಿಯುತ್ತೆ ಅಂತ ನಿಮಗೆ ನಂಬಿಕೆ ಇದೆಯಾ? ಇಲ್ಲದಿದ್ದರೆ ಇವತ್ತೇ ತಗೊಳ್ಳಿ. ಆದರೆ ಒಂದು ಪ್ರಾಮಾಣಿಕತೆ ಬೇಕು. ನೀವು ಮಲಗಿದಾಗ ಓಡುವ ರೆಂಡರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದು ನಿಮ್ಮ ಹೊತ್ತು ತಿನ್ನುತ್ತಿಲ್ಲ.

"ಹೊಸದು ಬರುತ್ತೆ" ಅನ್ನುವುದು ಯಾವಾಗಲೂ ನಿಜ, ಹಾಗಾಗಿ ಅದು ಕಾರಣವೇ ಅಲ್ಲ. ಎನ್‌ವಿಡಿಯಾದ 3090 ಕಾರ್ಡ್ ಬಂದಿದ್ದು 2020ರ ಸೆಪ್ಟೆಂಬರ್, 4090 ಬಂದಿದ್ದು 2022ರ ಅಕ್ಟೋಬರ್, 5090 ಬಂದಿದ್ದು 2025ರ ಜನವರಿ. ನಡುವೆ ಎರಡು ವರ್ಷ ಚಿಲ್ಲರೆ. ಬಂದ ಹೊಸದರಲ್ಲಿ ಹೇಳಿದ ಬೆಲೆಗೆ ಸಿಗುವುದೂ ಕಷ್ಟ. ತಾರೀಖು ಘೋಷಣೆಯಾಗಿ ಒಂದೆರಡು ತಿಂಗಳಲ್ಲಿ ಬರುವುದಿದ್ದರೆ ಮಾತ್ರ ಕಾಯಿರಿ.

ಬೆಲೆ ಏರಿದೆ, ಇಳಿಯಲಿ ಅಂತ ಕಾಯುವವರು ಏರಿದ್ದು ಯಾಕೆ ಅಂತ ತಿಳಿದುಕೊಳ್ಳಲೇಬೇಕು. 2021ರಲ್ಲಿ ಕಾರ್ಡುಗಳ ಬೆಲೆ ಹಾರಿದ್ದಕ್ಕೆ ಕ್ರಿಪ್ಟೊ ಮೈನಿಂಗ್, ಅಂದರೆ ಕಾರ್ಡುಗಳನ್ನು ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು, ದೊಡ್ಡ ಕಾರಣ. ನಾನು ತಡೆಯಲಾಗದೆ ಜಾಸ್ತಿ ಕೊಟ್ಟು ತಗೊಂಡೆ. 2022ರಲ್ಲಿ ಕ್ರಿಪ್ಟೊ ಬಿದ್ದು, ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ನಾಣ್ಯದ ಮೈನಿಂಗೇ ನಿಂತಿತು, ಹಳೆ ಕಾರ್ಡುಗಳು ಮಾರುಕಟ್ಟೆಗೆ ಸುರಿದವು. ಆಗ ಕಾದವರಿಗೆ ಲಾಭವಾಯಿತು. 2025ರ ಕೊನೆಯಲ್ಲಿ ಶುರುವಾದ ರ‍್ಯಾಮ್ ಏರಿಕೆ ಆ ತರಹದ್ದಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಮೊದಲೇ ಬುಕ್ ಮಾಡಿಕೊಳ್ಳುತ್ತಿವೆ, ಡಿಸೆಂಬರ್‌ನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಹೊಸ ಚಿಪ್ ಕಾರ್ಖಾನೆ ಕಟ್ಟಿ ಮುಗಿಸಲು ವರ್ಷಗಳೇ ಬೇಕು. ಹಾಗಾಗಿ "ಮುಂದಿನ ತಿಂಗಳು ಇಳಿಯುತ್ತೆ" ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಹಾಗಂತ ಈಗ ಅರ್ಧ ರ‍್ಯಾಮ್ ಹಾಕಿ ಆಮೇಲೆ ಇನ್ನರ್ಧ ಸೇರಿಸೋಣ ಅಂದುಕೊಂಡರೆ ಅಲ್ಲೊಂದು ಕೊಕ್ಕೆ ಇದೆ. ಎಎಂಡಿ ಕಂಪನಿಯ ರೈಝೆನ್ 9000 ಸರಣಿಯ ಪ್ರೊಸೆಸರಿಗೆ ಎರಡು ಸ್ಟಿಕ್ ಹಾಕಿದರೆ ಎಎಂಡಿ ಹೇಳುವ ಮೆಮೊರಿ ವೇಗ 5600, ನಾಲ್ಕು ಹಾಕಿದರೆ 3600. ಆದ್ದರಿಂದ ಬೇಕಾದಷ್ಟನ್ನು ಎರಡೇ ಸ್ಟಿಕ್‌ನಲ್ಲಿ ತಗೊಳ್ಳಿ, 32 ಜಿಬಿಯ ಎರಡೋ 48 ಜಿಬಿಯ ಎರಡೋ, ನೀವು ಗಮನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಎಎಂಡಿಯದೇ ದೊಡ್ಡ ಪ್ರೊಸೆಸರ್ ಥ್ರೆಡ್‌ರಿಪ್ಪರ್ ಆಸೆ ಇದ್ದರೆ ಎರಡು ಸಲ ಯೋಚಿಸಿ. ಅದಕ್ಕೆ ಸರ್ವರ್‌ಗೆ ಹಾಕುವ ರಿಜಿಸ್ಟರ್ಡ್ ರ‍್ಯಾಮೇ ಬೇಕು, ಅಂದರೆ ಡೇಟಾ ಸೆಂಟರ್‌ನವರ ಜೊತೆಯಲ್ಲೇ ನೀವೂ ಸಾಲಿನಲ್ಲಿ ನಿಲ್ಲಬೇಕು.

ತೆರಿಗೆಯನ್ನೂ ನೋಡಿ. ಜಿಎಸ್‌ಟಿ ನೋಂದಣಿ ಇದ್ದರೆ ಮೂರು ಲಕ್ಷದ ಬಿಲ್ಲಿನಲ್ಲಿ ಶೇ 18ರ ಲೆಕ್ಕದಲ್ಲಿ ಸುಮಾರು 45,000 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತೆ, ವಾಪಸ್ ಬರುತ್ತದೆ. ಆದಾಯ ತೆರಿಗೆಯಲ್ಲಿ ಡಿಪ್ರಿಸಿಯೇಷನ್ (ಮೆಷಿನ್ ಸವೆತದ ಲೆಕ್ಕ) ತೋರಿಸುವವರು ಅಕ್ಟೋಬರ್ ಶುರುವಾಗುವ ಮುಂಚೆ ಮೆಷಿನ್ ಕೆಲಸಕ್ಕೆ ಹಾಕಿದರೆ ಒಳ್ಳೆಯದು. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧವೇ ಸಿಗುತ್ತದೆ.

ಕೊಳ್ಳುವುದು ಅಂತ ತೀರ್ಮಾನವಾದರೆ ತಡಮಾಡಬೇಡಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಒಂದೇ ದಿನ ಮೂರ್ನಾಲ್ಕು ಅಂಗಡಿಯಲ್ಲಿ ಒಂದೊಂದು ಪಾರ್ಟ್‌ಗೂ ಬೇರೆ ಬೇರೆ ರೇಟ್ ಬರೆಸಿಕೊಳ್ಳಿ, ಹೋದ ವಾರದ ರೇಟ್ ಹಿಡಿದುಕೊಂಡು ಹೋದರೆ ರ‍್ಯಾಮ್ ವಿಷಯದಲ್ಲಿ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಪಾರ್ಟ್ ಕೆಟ್ಟರೆ ಎಷ್ಟು ದಿನದೊಳಗೆ ಅಂಗಡಿಯಲ್ಲೇ ಬದಲಿಸಿಕೊಡ್ತೀರಿ ಅಂತ ದುಡ್ಡು ಕೊಡುವ ಮುಂಚೆ ಕೇಳಿ. ಮನೆಗೆ ಬಂದ ದಿನವೇ ಆ ಭಾರದ ಪ್ರಾಜೆಕ್ಟನ್ನು ಹಾಕಿ ರಾತ್ರಿಯಿಡೀ ರೆಂಡರ್‌ಗೆ ಬಿಡಿ. ಹಳೆ ಮೆಷಿನ್ ಅಲ್ಲಿವರೆಗೆ ಮಾರಬೇಡಿ.